ಕಿರುಚಿತ್ರ ಎಲ್ಲೂ ಆಯ್ಕೆಯಾಗಲಿಲ್ಲ, ಹೊಸ ಕ್ಯಾಮೆರಾ ಕೊಳ್ಳಲೇ?

ನಿಮ್ಮ 22 ನಿಮಿಷದ ಚಿತ್ರವನ್ನು ಯಾವ ಚಿತ್ರೋತ್ಸವವೂ ತೆಗೆದುಕೊಳ್ಳಲಿಲ್ಲ, ಮುಂದಿನದಕ್ಕೆ ಒಳ್ಳೆಯ ಕ್ಯಾಮೆರಾ ಕೊಳ್ಳಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಮೊದಲು ಹಳೆಯ ಎಡಿಟಿಂಗ್ ಪ್ರಾಜೆಕ್ಟ್ ಫೈಲ್ ತೆರೆದು, ಚಿತ್ರ ಯಾವ ಹಂತದಲ್ಲಿ ಕೈಕೊಟ್ಟಿತು ಎಂದು ಹುಡುಕಿ.

ಪರದೆ ಆಫ್ ಮಾಡಿ, ಹೆಡ್‌ಫೋನಿನಲ್ಲಿ ಇಡೀ ಚಿತ್ರ ಕೇಳಿ. ಮಾತು ಅರ್ಥವಾಗದ, ಕಟ್ ಆದಲ್ಲಿ ಹಿನ್ನೆಲೆ ಸದ್ದು ಜಿಗಿಯುವ ಜಾಗಗಳ ಟೈಮ್‌ಕೋಡ್ (ಎಷ್ಟನೇ ನಿಮಿಷ, ಸೆಕೆಂಡ್ ಎಂದು) ಬರೆದುಕೊಳ್ಳಿ. ಆಮೇಲೆ ಮ್ಯೂಟ್ ಮಾಡಿ ನೋಡಿ: ಯಾರಿಗೆ ಏನು ಬೇಕು, ಅಡ್ಡಿ ಏನು ಎಂಬುದು ದೃಶ್ಯದಿಂದಲೇ ತಿಳಿಯುತ್ತದೆಯೇ? ಇಲ್ಲವಾದರೆ ತೊಂದರೆ ಚಿತ್ರಕಥೆಯಲ್ಲೇ ಇರಬಹುದು. ಅದನ್ನು ಯಾವ ಕ್ಯಾಮೆರಾವೂ ಸರಿಮಾಡದು.

ನಂತರ ಕಥೆ ಗೊತ್ತಿಲ್ಲದ, ನಿಮ್ಮ ದಾಕ್ಷಿಣ್ಯಕ್ಕೆ ಬೀಳದ ನಾಲ್ಕೈದು ಮಂದಿಗೆ ತೋರಿಸಿ. ಪೀಠಿಕೆ ಬೇಡ, ನಡುವೆ ವಿವರಣೆಯೂ ಬೇಡ. ಪರದೆ ಬಿಟ್ಟು ಅವರ ಮುಖ ನೋಡುತ್ತಾ ಕೂರಿ. ಯಾರ ಕಣ್ಣು ಫೋನಿನತ್ತ ಹೋಯಿತೋ ಆ ನಿಮಿಷ ಗುರುತು ಹಾಕಿ. ‘ಹೇಗಿತ್ತು’ ಎಂದರೆ ‘ಚೆನ್ನಾಗಿತ್ತು’ ಅಂತಲೇ ಬರುತ್ತದೆ. ಅದರ ಬದಲು ‘ನೀವು ನೋಡಿದ ಕಥೆ ಹೇಳಿ’ ಅನ್ನಿ. ಅವರ ಬಾಯಲ್ಲಿ ಬಾರದ ಭಾಗ ತಲುಪಿಲ್ಲ. ಇಬ್ಬರು ಮೂವರು ಒಂದೇ ಜಾಗದಲ್ಲಿ ಎಡವಿದರೆ ಅದನ್ನು ನಂಬಿ, ಆದರೆ ಅವರು ಸೂಚಿಸುವ ಪರಿಹಾರವನ್ನು ಹಾಗೇ ಒಪ್ಪಬೇಡಿ. 12ನೇ ನಿಮಿಷದ ಬೇಸರಕ್ಕೆ ಕಾರಣ ಎಷ್ಟೋ ಸಲ 3ನೇ ನಿಮಿಷದಲ್ಲಿ ಹೇಳದೇ ಬಿಟ್ಟ ಸಂಗತಿ.

ಕಡಿಮೆ ಬಜೆಟ್ಟಿನಲ್ಲಿ ಮೊದಲು ಕೆಡುವುದು ಧ್ವನಿ. ಕ್ಯಾಮೆರಾ ಮೇಲಿನ ಮೈಕ್ ನಟರಿಂದ ದೂರ ಇರುವುದರಿಂದ ಮಾತಿನ ಜತೆ ಕೋಣೆಯ ಪ್ರತಿಧ್ವನಿಯೂ ಸೇರುತ್ತದೆ. ಆಮೇಲೆ ಅದನ್ನು ಪೂರ್ತಿ ತೆಗೆಯುವುದು ಕಷ್ಟ. ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕನ್ನು ಫ್ರೇಮಿನ ಅಂಚಿನವರೆಗೂ ಇಳಿಸಿ. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು, ಮಾತಿನ ಏರುಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ. ಪ್ರತಿ ಲೊಕೇಶನ್‌ನಲ್ಲಿ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ರೂಮ್ ಟೋನ್ (ಆ ಜಾಗದ ಬರೀ ಹಿನ್ನೆಲೆ ಸದ್ದು) ರೆಕಾರ್ಡ್ ಮಾಡಿಕೊಳ್ಳಿ, ಕಟ್‌ಗಳ ನಡುವಿನ ಜಿಗಿತ ಮುಚ್ಚುವುದು ಅದೇ.

ಉದ್ದವನ್ನೂ ನೋಡಿ. ಫ್ರಾನ್ಸಿನ ಕಾನ್ ಚಿತ್ರೋತ್ಸವದ ಕಿರುಚಿತ್ರ ಸ್ಪರ್ಧೆಯ ಮಿತಿ ಟೈಟಲ್‌ಗಳೂ ಸೇರಿ 15 ನಿಮಿಷ, ಆಸ್ಕರ್‌ನಲ್ಲಿ 40. ಒಂದೊಂದು ಕಡೆ ಒಂದೊಂದು ನಿಯಮ, ಓದದೆ ಕಳಿಸಿದರೆ ಕಟ್ಟಿದ ಶುಲ್ಕ ವ್ಯರ್ಥ. ಎಡಿಟಿಂಗ್‌ನ ಮೂಲ ಟೈಮ್‌ಲೈನ್ ಮುಟ್ಟದೆ ಅದರ ನಕಲಿನಲ್ಲಿ 14 ನಿಮಿಷಕ್ಕೆ ಇಳಿಸಿ: ಪ್ರತಿ ದೃಶ್ಯವನ್ನೂ ತಡವಾಗಿ ಶುರುಮಾಡಿ ಬೇಗ ಮುಗಿಸಿ. ಇಳಿಸಿದ ಮೇಲೂ ಕಥೆ ನಿಂತರೆ ಆ ಎಂಟು ನಿಮಿಷ ಬೇಕಿರಲಿಲ್ಲ.

ಮುಂದಿನ ದೊಡ್ಡ ಚಿತ್ರಕ್ಕೆ ಮೊದಲು ಇಬ್ಬರು ನಟರು, ಒಂದು ಕೋಣೆ, 3 ನಿಮಿಷದ ಅಭ್ಯಾಸ ಚಿತ್ರ ಮಾಡಿ. ಪತ್ತೆಯಾದ ದೋಷಗಳಲ್ಲಿ ಒಂದನ್ನಷ್ಟೇ ಅದರಲ್ಲಿ ತಿದ್ದಿ. ಹಳೆಯದನ್ನು ಈಗಲೇ ಯೂಟ್ಯೂಬಿಗೆ ಹಾಕಬೇಡಿ. ಆನ್‌ಲೈನ್‌ನಲ್ಲಿ ಬಂದ ಚಿತ್ರ ಬೇಡವೆನ್ನುವ ಉತ್ಸವಗಳಿವೆ, ಇಳಿಸಿದ ಆವೃತ್ತಿಯನ್ನು ಇನ್ನೊಮ್ಮೆ ಕಳಿಸಬಹುದು.