ಐದು ವರ್ಷ ಹಾರಿದರೆ ಮೋಸವೇ?

ಪತ್ರ: ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದೆ. ಮಗು ಮಲಗಿದ ಮೇಲೆ ನಾವಿಬ್ಬರೂ ಕೂತು ‘ಡೆಸ್ಪರೇಟ್ ಹೌಸ್‌ವೈವ್ಸ್’ ಎಂಬ ಹಳೆಯ ಸೀರಿಯಲ್ ನೋಡುತ್ತಿದ್ದೆವು. ಒಂದೇ ಬೀದಿಯ ನಾಲ್ವರು ಗೃಹಿಣಿಯರ ಕಥೆ: ಸೂಸನ್, ಗ್ಯಾಬ್ರಿಯೆಲ್, ಬ್ರೀ, ಲಿನೆಟ್. ನಾಲ್ಕು ಸೀಸನ್ ಮುಗಿಸಿದೆವು. ನಾಲ್ಕನೆಯದರ ಕೊನೆಗೆ ಕಥೆ ಐದು ವರ್ಷ ಮುಂದಕ್ಕೆ ಹಾರಿತು. ಐದನೆಯದರ ಮೊದಲ ಕಂತು ಹಾಕಿದರೆ ಅಲ್ಲಿಂದಲೇ ಶುರು! ಗ್ಯಾಬ್ರಿಯೆಲ್‌ಗೆ ಇಬ್ಬರು ಹೆಣ್ಣುಮಕ್ಕಳು. ಬಸಿರು, ಹೆರಿಗೆ ಏನನ್ನೂ ತೋರಿಸಲಿಲ್ಲ. ಸೂಸನ್ ಮತ್ತು ಮೈಕ್ ಬೇರೆಯಾಗಿದ್ದಾರೆ. ಇದು ನೋಡುವವರಿಗೆ ಮಾಡಿದ ಮೋಸ ಅಲ್ವಾ? ನಮ್ಮ ಮನೆಯವರು ಫೋನಿನಲ್ಲಿ, ‘ಯಾವುದೋ ಬೀದಿಯ ಹೆಂಗಸರ ಕಥೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ’ ಎಂದರು. ಅವರು ಹೇಳಿದ್ದೂ ಸರಿಯೇನೋ ಅನಿಸಿತು.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ನಿಮ್ಮ ಮಗಳಿಗೂ ಮೊಮ್ಮಗುವಿಗೂ ನಮ್ಮೆಲ್ಲರ ಹಾರೈಕೆ. ಪತ್ರ ಓದಿ ತುಂಬಾ ಖುಷಿಯಾಯಿತು. ಕೊನೆಯ ಸಾಲು ಓದಿ ಮಾತ್ರ ಬೇಜಾರಾಯಿತು.

ನಿಮ್ಮ ದೂರಿನಲ್ಲಿ ಒಂದಂಶ ಒಪ್ಪುತ್ತೇನೆ. ಸೂಸನ್ ಮತ್ತು ಮೈಕ್ ಒಂದಾಗಲಿ ಎಂದು ಮೂರು ಸೀಸನ್ ಕಾದವರಿಗೆ, ಅವರು ದೂರವಾದದ್ದನ್ನು ತುಣುಕು ತುಣುಕಾಗಿ ತೋರಿಸಿದರೆ ಸಾಲದು. ಅಲ್ಲಿ ಬರಹಗಾರರು ಸ್ವಲ್ಪ ಅವಸರ ಮಾಡಿದರು. ಆದರೆ ಇಡೀ ಕಂತನ್ನೇ ಮೋಸ ಎಂದಿರಲ್ಲ, ಅದನ್ನು ನಾನು ಒಪ್ಪಲಾರೆ.

ಈ ಧಾರಾವಾಹಿ ಶುರುವಾದದ್ದು 2004ರ ಅಕ್ಟೋಬರ್ 3ರಂದು, ಎಬಿಸಿ ಚಾನೆಲ್‌ನಲ್ಲಿ. ಬರೆದವರು ಮಾರ್ಕ್ ಚೆರಿ. ಈ ಕಥೆ ಹುಟ್ಟಿದ್ದು ಹೇಗೆಂದು ಅವರೇ ಹೇಳಿಕೊಂಡಿದ್ದಾರೆ. ಟೆಕ್ಸಾಸ್‌ನಲ್ಲಿ ಒಬ್ಬ ತಾಯಿ ತನ್ನ ಐದೂ ಮಕ್ಕಳನ್ನು ನೀರಿನಲ್ಲಿ ಮುಳುಗಿಸಿ ಕೊಂದಿದ್ದಳು. ಆ ಪ್ರಕರಣದ ಸುದ್ದಿಯನ್ನು ಚೆರಿ ತಮ್ಮ ತಾಯಿಯ ಜೊತೆ ಟಿವಿಯಲ್ಲಿ ನೋಡುತ್ತಿದ್ದರು. ಒಬ್ಬ ಹೆಂಗಸು ಇಷ್ಟೊಂದು ಹತಾಶಳಾಗುತ್ತಾಳಾ ಎಂದು ಅವರು ಕೇಳಿದರೆ, ನಾನೂ ಆ ಹಂತಕ್ಕೆ ಹೋಗಿದ್ದವಳೇ ಎಂದರಂತೆ ತಾಯಿ. ತನ್ನನ್ನು ಸಾಕಿ ಬೆಳೆಸಿದ ತಾಯಿಯ ಬಾಯಿಂದ ಆ ಮಾತು ಕೇಳಿದ ಮಗ ಬರೆದ ಕಥೆ ಇದು. ಹಲವು ಚಾನೆಲ್‌ಗಳು ಬೇಡವೆಂದು ವಾಪಸ್ ಕಳಿಸಿದವು. ಕೊನೆಗೆ ಪ್ರಸಾರವಾದಾಗ ಮೊದಲ ಕಂತನ್ನೇ 2 ಕೋಟಿಗೂ ಹೆಚ್ಚು ಜನ ನೋಡಿದರು. ಮರುವರ್ಷ ಶ್ವೇತಭವನದ ವರದಿಗಾರರ ಔತಣಕೂಟದಲ್ಲಿ ಅಧ್ಯಕ್ಷರ ಪತ್ನಿ ಲಾರಾ ಬುಷ್ ಮೈಕ್ ಹಿಡಿದು, ಗಂಡ ಒಂಬತ್ತಕ್ಕೆಲ್ಲ ಮಲಗಿಬಿಡುತ್ತಾರೆ, ನಾನು ಕೂತು ಈ ಸೀರಿಯಲ್ ನೋಡುತ್ತೇನೆ ಎಂದರು. ಸಭೆಯೆಲ್ಲ ನಕ್ಕಿತು. ನಿಮ್ಮ ಮನೆಯವರಿಗೆ ಇದನ್ನು ಹೇಳಿ. ತಲೆ ಕೆಡಿಸಿಕೊಂಡವರು ನೀವೊಬ್ಬರೇ ಅಲ್ಲ.

ಬೀದಿಯ ಹೆಂಗಸರ ಕಥೆ ಎಂದರಲ್ಲ, ಆ ಬೀದಿಯ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಊರಾಚೆಯ ಬಡಾವಣೆಗಳು ಎದ್ದವು. 1947ರಲ್ಲಿ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ಲೆವಿಟೌನ್ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಒಂದೇ ಅಚ್ಚಿನ 17,000ಕ್ಕೂ ಹೆಚ್ಚು ಮನೆಗಳು. ಕರಿಯರಿಗೆ ಅಲ್ಲಿ ಮನೆ ಕೊಡುತ್ತಿರಲಿಲ್ಲ, ಕರಾರುಪತ್ರದಲ್ಲೇ ಹಾಗೆ ಬರೆದಿತ್ತು. ಗಂಡ ಬೆಳಗ್ಗೆ ನಗರಕ್ಕೆ ಹೊರಟರೆ ಹೆಂಡತಿಗೆ ಮನೆ, ಮಕ್ಕಳು, ಹುಲ್ಲುಹಾಸು. ಇಷ್ಟೇನಾ ಬದುಕು ಎಂದು ಆ ಹೆಂಗಸರು ಒಳಗೊಳಗೇ ಕೇಳಿಕೊಳ್ಳುತ್ತಿದ್ದಾರೆ ಅಂತ ಬೆಟ್ಟಿ ಫ್ರೀಡನ್ 1963ರಲ್ಲಿ ಬರೆದಾಗ ದೇಶವೇ ಬೆಚ್ಚಿತು. ಈ ಸೀರಿಯಲ್ ನಡೆಯುವ ವಿಸ್ಟೇರಿಯಾ ಲೇನ್ ಎಂಬ ಕಲ್ಪನೆಯ ಬೀದಿ ಹುಟ್ಟಿದ್ದು ಆ ಪ್ರಶ್ನೆಯಿಂದಲೇ.

ಮೊಟ್ಟಮೊದಲ ಕಂತನ್ನು ನೆನಪಿಸಿಕೊಳ್ಳಿ. ಮೇರಿ ಆಲಿಸ್ ಮನೆಗೆಲಸವನ್ನೆಲ್ಲ ಅಚ್ಚುಕಟ್ಟಾಗಿ ಮುಗಿಸಿ ಗುಂಡು ಹಾರಿಸಿಕೊಂಡು ಸಾಯುತ್ತಾಳೆ. ಸದ್ದು ಕೇಳಿದ ಪಕ್ಕದ ಮನೆ ಹ್ಯೂಬರ್, ಹಿಂದೆ ಕಡ ತಂದಿದ್ದ ಬ್ಲೆಂಡರ್ ವಾಪಸ್ ಕೊಡುವ ನೆಪದಲ್ಲಿ ಬರುತ್ತಾಳೆ. ಹೆಣ ನೋಡಿ ಕಿರುಚುತ್ತಾಳೆ. ಮನೆಗೆ ಓಡಿ ಆಂಬುಲೆನ್ಸ್‌ಗೆ ಫೋನ್ ಮಾಡುತ್ತಾಳೆ. ಆಮೇಲೆ ಒಂದು ಗಳಿಗೆ ಸುಮ್ನೆ ನಿಲ್ಲುತ್ತಾಳೆ. ಬ್ಲೆಂಡರಿನ ತಳದಲ್ಲಿ ಮೇರಿ ಆಲಿಸ್‌ಳ ಹೆಸರಿನ ಚೀಟಿ ಇದೆ. ಅದನ್ನು ಉಗುರಿನಿಂದ ಕಿತ್ತು, ಬ್ಲೆಂಡರನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾಳೆ. ಮನುಷ್ಯರ ಸಣ್ಣತನವನ್ನು ಇಷ್ಟು ಕಡಿಮೆ ಹೊತ್ತಿನಲ್ಲಿ, ಒಂದು ಚೀಟಿಯಲ್ಲಿ ತೋರಿಸಿದ ಬರಹಗಾರನ ಕಥೆಯನ್ನು ಬರೀ ಹೆಂಗಸರ ಕಥೆ ಎಂದು ತಳ್ಳಿಹಾಕಬಹುದೇ?

ಈಗ ನೀವು ಜಗಳ ತೆಗೆದ ಕಂತಿಗೆ ಬರೋಣ. ಅದು ಪ್ರಸಾರವಾದದ್ದು 2008ರ ಸೆಪ್ಟೆಂಬರ್ 28ರಂದು. ಹಿಂದಿನ ಸೀಸನ್ನಿಗೆ ಬರಹಗಾರರ ಮುಷ್ಕರದ ಪೆಟ್ಟು ಬಿದ್ದು 17 ಕಂತಿಗೇ ನಿಂತಿತ್ತು. ಪ್ರತಿ ಸೀಸನ್ನಿಗೂ ಒಂದು ಗುಟ್ಟು, ಕೊನೆಗೆ ಅದು ಬಯಲು. ಹೀಗೇ ನಾಲ್ಕು ಸಲ ಆಗಿತ್ತು. ಐದನೆಯ ಸಲವೂ ಅದೇ ಹೆಂಗಸರನ್ನು ಅದೇ ವಯಸ್ಸಿನಲ್ಲಿ ನಿಲ್ಲಿಸಿ ಹೊಸ ಗುಟ್ಟು ಅಂಟಿಸಿದ್ದರೆ ನೀವೇ ಆಕಳಿಸುತ್ತಿದ್ದಿರಿ.

ಬದಲಿಗೆ ಏನು ಮಾಡಿದರು ನೋಡಿ. ಮೊದಲ ಸೀಸನ್ನಿನಲ್ಲಿ ಗ್ಯಾಬ್ರಿಯೆಲ್ ಮಾಜಿ ಮಾಡೆಲ್. ತೋಟದ ಕೆಲಸದ ಹುಡುಗನ ಜೊತೆಗಿನ ಸಂಬಂಧ ಗಂಡನಿಗೆ ಗೊತ್ತಾಗಬಾರದೆಂದು, ಪಾರ್ಟಿಯಿಂದ ಕದ್ದು ಬಂದು, ಮೈತುಂಬ ಬೆಲೆಬಾಳುವ ಗೌನಿನಲ್ಲೇ ಕತ್ತಲಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಾಳೆ. ಐದು ವರ್ಷ ದಾಟಿದ ಮೇಲೆ ಅವಳ ಕೂದಲು ಕೆದರಿದೆ. ಗಂಡನಿಗೆ ಕಣ್ಣು ಕಾಣುವುದಿಲ್ಲ. ದೊಡ್ಡ ಮಗಳು ಹ್ವಾನೀಟಾ ದಪ್ಪಗಿದ್ದಾಳೆ, ಮೈ ಬಗ್ಗಿಸಿ ಆಡುವವಳಲ್ಲ. ಮಗಳು ಸ್ವಲ್ಪ ಓಡಲಿ ಎಂದು ಅವಳನ್ನು ಹೊರಗೇ ಬಿಟ್ಟು ಕಾರನ್ನು ಮುಂದೆ ಮುಂದೆ ಓಡಿಸುತ್ತಾಳೆ ಈ ತಾಯಿ. ನಗು ಬರುತ್ತದೆ, ಕರುಳೂ ಚುರ್ ಎನ್ನುತ್ತದೆ. ತನ್ನ ರೂಪದಿಂದಲೇ ಬದುಕಿದ ಹೆಂಗಸು ಮಗಳ ಮೈ ನೋಡಿ ಹೆದರಿರುವುದು ಅಲ್ಲಿ ಕಾಣುತ್ತದೆ. ಬಸಿರು, ಬಯಕೆ, ಬಾಣಂತನ ಎಲ್ಲವನ್ನೂ ಕಂತಿನ ಮೇಲೆ ಕಂತು ಹಾಕಿದ್ದರೂ ಆ ಹೆದರಿಕೆ ಇಷ್ಟು ಚೆನ್ನಾಗಿ ಸಿಗುತ್ತಿರಲಿಲ್ಲ.

ಬ್ರೀಯನ್ನು ನೋಡಿ. ಮೊದಲ ಕಂತಿನಲ್ಲಿ ಅವಳ ಮಗನೇ ಊಟದ ಮೇಜಿನಲ್ಲಿ, ದಿನಾ ಇಷ್ಟು ದೊಡ್ಡ ಅಡುಗೆ ಯಾಕೆ, ಸಾಮಾನ್ಯ ಊಟ ಹಾಕಬಾರದಾ ಎಂದು ಗೊಣಗುತ್ತಾನೆ. ಮನೆಯವರಿಗೆ ಬೇಡವಾಗಿದ್ದ ಆ ಕೈರುಚಿಯೇ ಐದನೆಯ ಸೀಸನ್ನಿನಲ್ಲಿ ಅವಳಿಗೆ ಹಣ, ಹೆಸರು ಎರಡನ್ನೂ ತಂದಿದೆ. ಅವಳೀಗ ಕೇಟರಿಂಗ್ ಮಾಲೀಕಳು, ಅಡುಗೆ ಪುಸ್ತಕ ಬರೆದವಳು. ಜೊತೆಗೆ ದುಡಿದ ಕ್ಯಾಥರೀನ್‌ಗೆ ಮಾತ್ರ ಅದರಲ್ಲಿ ಸಲ್ಲಬೇಕಾದ ಪಾಲು ಸಿಕ್ಕಿಲ್ಲ. ಬ್ರೀ ಗೆದ್ದಳು ಎಂದು ಹಿಗ್ಗುವಷ್ಟರಲ್ಲೇ ಗೆಲುವು ಅವಳನ್ನು ಏನು ಮಾಡಿದೆ ಎಂದೂ ತೋರಿಸಿಬಿಡುತ್ತಾರೆ. ಲಿನೆಟ್‌ಳ ಪುಟ್ಟ ಅವಳಿಗಳು ಮೀಸೆ ಚಿಗುರಿದ ಹುಡುಗರಾಗಿದ್ದಾರೆ. ಅದಕ್ಕೆಂದು ನಟರನ್ನೇ ಬದಲಿಸಿದರು. ಅಲ್ಲಿ ನನಗೂ ಒಂದು ಕ್ಷಣ ಗಲಿಬಿಲಿಯಾಯಿತು, ಆದರೆ ಬೇರೆ ದಾರಿಯಿರಲಿಲ್ಲ.

ಇನ್ನೊಂದು ಮಾತು. ಆ ಕಂತು ಶುರುವಾಗುವುದೇ ಸೂಸನ್ ಮತ್ತು ಮೈಕ್ ಇದ್ದ ಕಾರಿನ ಅಪಘಾತದಿಂದ. ಅವರ ನೆರೆಯವಳಾದ ಈಡಿಯ ಹೊಸ ಗಂಡ ಡೇವ್ ಬೀದಿಗೆ ಕಾಲಿಡುವುದೂ ಅಲ್ಲೇ. ನೀವು ಮುಂದಿನದನ್ನು ನೋಡಿದಂತಿಲ್ಲ, ಹಾಗಾಗಿ ಪೂರ್ತಿ ಹೇಳುವುದಿಲ್ಲ. ಆ ಸೀಸನ್ನಿನ ಗುಟ್ಟು ಇರುವುದೇ ಅವರು ತೋರಿಸದೆ ಬಿಟ್ಟ ಐದು ವರ್ಷಗಳಲ್ಲಿ. ಬಿಟ್ಟದ್ದನ್ನು ಮುಚ್ಚಿಡಲಿಲ್ಲ, ಒಂದೊಂದಾಗಿ ತೆರೆಯುತ್ತಾ ಹೋದರು.

ನಮ್ಮ ಕನ್ನಡ ಸೀರಿಯಲ್‌ಗಳಿಗೆ ಈ ಭಾಗ್ಯವೇ ಇಲ್ಲ ಎನ್ನುವುದು ನನ್ನ ಹಳೆಯ ಸಂಕಟ. ಅಲ್ಲಿ ಮೇ ತಿಂಗಳಲ್ಲಿ ಸೀಸನ್ ಮುಗಿದರೆ ಮತ್ತೆ ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ. ನಡುವೆ ಬರಹಗಾರರಿಗೆ ಯೋಚಿಸಲು ಸಮಯ ಸಿಗುತ್ತದೆ. ಇಲ್ಲಿ ಬಿಡುವೇ ಇಲ್ಲ. ಸಂಭಾಷಣೆ ಬರೆಯುವ ಗೆಳೆಯರೊಬ್ಬರು ಮೊನ್ನೆ ಸಿಕ್ಕಿದ್ದರು. ಸೆಟ್‌ನಲ್ಲಿ ಕಲಾವಿದರು ಮೇಕಪ್ ಹಾಕಿಕೊಂಡು ಕಾಯುತ್ತಿರುತ್ತಾರೆ, ನಾನಿಲ್ಲಿ ವಾಟ್ಸ್ಯಾಪ್‌ನಲ್ಲಿ ಸೀನ್ ಕಳಿಸುತ್ತಿರುತ್ತೇನೆ ಎಂದರು. ಮಾತಾಡುವಾಗಲೂ ಅವರ ಕಣ್ಣು ಫೋನಿನ ಮೇಲೆಯೇ ಇತ್ತು. ಒಂದು ಮದುವೆ ವಾರಗಟ್ಟಲೆ ನಡೆಯುತ್ತದೆ, ತಾಳಿ ಕಟ್ಟುವ ಕೈ ಗಾಳಿಯಲ್ಲೇ ನಿಂತಿರುತ್ತದೆ. ಟಿಆರ್‌ಪಿ ಬಿದ್ದರೆ ಮಾತ್ರ ಕಥೆ ದಿಢೀರನೆ ವರ್ಷಗಳನ್ನು ದಾಟುತ್ತದೆ. ಆಗಲೂ ಅತ್ತೆಯ ಮುಖದಲ್ಲಿ ಒಂದು ಗೆರೆ ಜಾಸ್ತಿಯಾಗಿರುವುದಿಲ್ಲ. ಆ ಬರಹಗಾರರಲ್ಲಿ ಶಕ್ತಿಯಿಲ್ಲ ಎಂದು ನಾನು ನಂಬುವುದಿಲ್ಲ. ಅವರಿಗೆ ನಾಲ್ಕು ತಿಂಗಳು ಕೊಟ್ಟು ನೋಡಿ.

ತಪ್ಪು ಚಾನೆಲ್‌ಗಳದ್ದು ಮಾತ್ರವಲ್ಲ, ಪತ್ರಿಕೆಗಳದ್ದೂ ಹೌದು. ಖಾಲಿ ಥಿಯೇಟರಿನಲ್ಲಿ ಮೂರು ದಿನ ಓಡಿದ ಸಿನಿಮಾಕ್ಕೂ ವಿಮರ್ಶೆ ಬರೆಯುತ್ತೇವೆ. ದಿನಾ ಸಂಜೆ ಲಕ್ಷಾಂತರ ಮನೆಗಳಲ್ಲಿ ನೋಡುವ ಕಥೆಯ ಬಗ್ಗೆ ಒಂದು ಗಂಭೀರ ಪುಟವಿಲ್ಲ. ಯಾಕೆಂದರೆ ನೋಡುವವರು ಹೆಂಗಸರು, ಕಥೆ ನಡೆಯುವುದು ಮನೆಯೊಳಗೆ. ತ್ರಿವೇಣಿ, ಎಂ.ಕೆ. ಇಂದಿರಾ ಅವರ ತಲೆಮಾರು ಬರೆಯುತ್ತಿದ್ದಾಗಲೂ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದವರಿದ್ದರು. ಆ ಲೇಖಕಿಯರನ್ನು ಓದುಗರು ಕೈಬಿಡಲಿಲ್ಲ. ನೀವು ಮಾತ್ರ ನಿಮ್ಮ ಮನೆಯವರ ಒಂದು ಮಾತಿಗೆ ಇಷ್ಟು ಬೇಗ ತಲೆಯಾಡಿಸಿದ್ದೀರಿ. ಅದಕ್ಕೇ ನನಗೆ ಬೇಜಾರು.

ಒಂದು ಕೆಲಸ ಮಾಡಿ. ಐದನೆಯ ಸೀಸನ್ ಪೂರ್ತಿ ನೋಡಿ. ಆ ಹಾರಿಕೆ ಸರಿಯೋ ತಪ್ಪೋ ಎಂದು ಎರಡು ಪುಟ ಬರೆದು ಕಳಿಸಿ. ನಿಮ್ಮ ಮನೆಯವರನ್ನೂ ಜೊತೆಗೆ ಕೂರಿಸಿಕೊಳ್ಳಿ, ಅವರೂ ಬರೆಯಲಿ. ಎರಡನ್ನೂ ಪಕ್ಕಪಕ್ಕದಲ್ಲೇ ಅಚ್ಚು ಹಾಕುತ್ತೇವೆ.

– ಸಂ.