ದೊರೆ ಒಬ್ಬ ಸಾಲದು!

ಪತ್ರ: ಮಗಳಿಗೆ 11 ವರ್ಷ. ಹುಟ್ಟಿದಾಗಿನಿಂದ ಕೆಂಚು ಕೂದಲು. ಶಾಲೆಯಲ್ಲಿ ‘ಕೆಂಚಿ’ ಎಂದು ರೇಗಿಸುತ್ತಾರೆ. ನೆಂಟರು ‘ಹಿಂದೆ ಯಾರೋ ತೋಟದ ದೊರೆ ಇದ್ದಿರಬೇಕು’ ಎಂದು ನಗುತ್ತಾರೆ. ಕಪ್ಪು ಬಣ್ಣ ಹಾಕಿಸಲೇ?
– ಓದುಗರೊಬ್ಬರು, ಸುಂಟಿಕೊಪ್ಪ

ಉತ್ತರ: ಬೇಡ ತಾಯಿ, ಖಂಡಿತ ಬೇಡ. ಮಗಳು ಅತ್ತುಕೊಂಡು ಬಂದರೆ ನಿಮಗೆ ಹೊಟ್ಟೆ ಉರಿಯುತ್ತದೆ, ಒಪ್ಪಿದೆ. ಅದಕ್ಕೆ ಮಗುವಿನ ತಲೆಗೆ ಡೈ ಬಳಿಯುವುದಾ? ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಅಲರ್ಜಿ. ಮುಖ ಊದಿಕೊಂಡು ಕಣ್ಣೇ ಬಿಡಲಾಗುವುದಿಲ್ಲ. ಯುರೋಪಿನಲ್ಲಿ ಇಂಥ ಡೈ ಡಬ್ಬದ ಮೇಲೆ ‘16 ವರ್ಷದೊಳಗಿನವರಿಗಲ್ಲ’ ಎಂದು ಅಚ್ಚಾಗಿರಲೇಬೇಕು. ನಾವು ‘ಕಪ್ಪು ಮೆಹಂದಿ’ ಅಂದರೆ ಬರೀ ಸೊಪ್ಪು ಅಂದುಕೊಂಡು ಹಚ್ಚುತ್ತೇವೆ, ಎಷ್ಟೋ ಸಲ ಅದರಲ್ಲೂ ಇದೇ ಪಿಪಿಡಿ ಇರುತ್ತದೆ. (ನಮ್ಮ ಜಾಹೀರಾತು ವಿಭಾಗದವರು ಈ ಪುಟ ಓದದಿರಲಿ.)

ಇನ್ನು ದೊರೆ ವಿಷಯ. 1834ರಲ್ಲಿ ಬ್ರಿಟಿಷರು ಕೊಡಗನ್ನು ಹಿಡಿದರು, ಆಮೇಲೆ ಕಾಫಿ ತೋಟದ ದೊರೆಗಳು ಬಂದರು. ಸರಿ. ಆದರೆ ಅವರ ನಾಡಿನ ಆ ಉರಿಗೆಂಪು ಕೂದಲಿಗೆ ಕಾರಣ ಎಂಸಿ1ಆರ್ ಎಂಬ ಜೀನ್. ಇದು ಗೊತ್ತಾದದ್ದು 1995ರಲ್ಲಿ. ಆ ಜೀನ್ ಮಾಮೂಲಿಯಂತೆ ಕೆಲಸ ಮಾಡದಿದ್ದರೆ ಕೂದಲಿಗೆ ಬಣ್ಣ ಕೊಡುವ ಕಪ್ಪು ಮೆಲನಿನ್ ಕಡಿಮೆಯಾಗಿ ಕೆಂಪು-ಹಳದಿ ಮೆಲನಿನ್ ಜಾಸ್ತಿಯಾಗುತ್ತದೆ. ಸಾಮಾನ್ಯವಾಗಿ ಅಪ್ಪ, ಅಮ್ಮ ಇಬ್ಬರಿಂದಲೂ ಅಂಥ ಜೀನ್ ಬಂದರೆ ಮಾತ್ರ ಕೂದಲು ಹಾಗಾಗುತ್ತದೆ. ಅಂದರೆ ಒಬ್ಬ ದೊರೆ ಸಾಲದು, ನೆಂಟರು ಎರಡೂ ಕಡೆಗೆ ಒಬ್ಬೊಬ್ಬರನ್ನು ಹುಡುಕಬೇಕು! ರಕ್ತಸಂಬಂಧಿಗಳೇ ಆಗಿದ್ದರೆ ಆ ದೊರೆ ಅವರಿಗೂ ಅಜ್ಜನೇ ಅಲ್ವಾ? ಜಗತ್ತಿನಲ್ಲಿ ಇಂಥ ಕೂದಲಿನವರು ನೂರಕ್ಕೆ ಒಬ್ಬರೋ ಇಬ್ಬರೋ. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಜಾಸ್ತಿ. ಬ್ರಿಟನ್ನಿನಲ್ಲೂ ಅಂಥ ಮಕ್ಕಳನ್ನು ‘ಜಿಂಜರ್’ ಎಂದು ಗೋಳು ಹುಯ್ದುಕೊಳ್ಳುತ್ತಾರೆ. ದೊರೆಗಳ ಊರಲ್ಲೇ ಈ ಗತಿ.

ನಮ್ಮ ಕಡೆಯ ಕೆಂಚು ಬೇರೆ. ಕೆಲವರಿಗೆ ಹುಟ್ಟಿನಿಂದಲೇ ಕಪ್ಪು ಸ್ವಲ್ಪ ಕಡಿಮೆ. ಕಾಫಿ ಕಣದಲ್ಲಿ ದಿನವಿಡೀ ಆಡುವ ಮಕ್ಕಳ ಕೂದಲು ಬಿಸಿಲಿಗೂ ಕೆಂಚಾಗುತ್ತದೆ. ನಿಮ್ಮ ಮಗಳು ಗಟ್ಟಿಮುಟ್ಟಾಗಿದ್ದರೆ ಚಿಂತೆ ಬೇಡ. ಕಪ್ಪಗಿದ್ದ ಕೂದಲು ಕೆಂಚಾಗಿ, ತೆಳ್ಳಗಾಗಿ, ಎಳೆದರೆ ಕಿತ್ತು ಬಂದರೆ ಮಾತ್ರ ಡಾಕ್ಟರಿಗೆ ತೋರಿಸಿ. ಅದು ಪ್ರೋಟೀನ್ ಕೊರತೆ ಇರಬಹುದು. ತೋಟದ ಕಾರ್ಮಿಕರ ಲೈನ್ ಮನೆಗಳ ಎಷ್ಟೋ ಮಕ್ಕಳ ತಲೆ ನೋಡಿ ‘ಎಷ್ಟು ಚೆಂದ ಕೆಂಚಗಿದೆ’ ಅಂದು ಕಾರು ಹತ್ತಿ ಹೋಗುವವರನ್ನು ಕಂಡಿದ್ದೇನೆ. ಆ ಮಗು ಊಟ ಮಾಡಿದೆಯಾ ಅಂತ ಒಬ್ಬರೂ ಕೇಳುವುದಿಲ್ಲ. ಬೇಳೆ, ಮೊಟ್ಟೆ ಸಿಕ್ಕಬೇಕಾದ ತಲೆಗಳು ಅವು.

ತಮಾಷೆ ನೋಡಿ, ಇದೇ ನೆಂಟರ ಮಕ್ಕಳು ಮದುವೆ ಸೀಸನ್ ಬಂದರೆ ಪಾರ್ಲರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೆಂಚು ಮಾಡಿಸಿಕೊಳ್ಳುತ್ತಾರೆ. ದುಡ್ಡು ಕೊಟ್ಟರೆ ಸ್ಟೈಲು, ದೇವರು ಕೊಟ್ಟರೆ ಗುಮಾನಿ!

ನೀವೂ ಅವರ ಜೊತೆ ನಕ್ಕು ಸುಮ್ಮನಾದಿರೇನೋ. ಮಗಳು ಅದನ್ನೂ ನೋಡಿರುತ್ತಾಳೆ. ನಾಳೆಯೇ ಶಾಲೆಗೆ ಹೋಗಿ ಟೀಚರ್ ಹತ್ತಿರ ಮಾತಾಡಿ. ಹುತ್ತರಿ ಹಬ್ಬಕ್ಕೆ ನೆಂಟರು ಬಂದಾಗ ಈ ಪುಟ ತೆರೆದು ಟೀಪಾಯಿ ಮೇಲಿಡಿ.
– ಸಂ.