ಬಾಲ ತುಂಡಾದದ್ದು ಹಾವಿನದೇ?

ಪ್ರಶ್ನೆ: ಇಂಗ್ಲೆಂಡಿನ ಡೆವನ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಹಿತ್ತಿಲಿನ ಗೊಬ್ಬರದ ರಾಶಿಯನ್ನು ಕೆದಕುವಾಗ ಮೊಳಕ್ಕಿಂತ ಸ್ವಲ್ಪ ಗಿಡ್ಡವಾದ, ಕಂಚಿನಂತೆ ಹೊಳೆಯುವ ಹಾವೊಂದು ಕಾಣಿಸಿತು. ಗಾಬರಿಯಿಂದ ಸಲಿಕೆಯಲ್ಲಿ ಒತ್ತಿ ಹಿಡಿದೆ. ಬಾಲ ತುಂಡಾಗಿ ಅಲ್ಲೇ ಹೊರಳಾಡಿತು, ಉಳಿದ ದೇಹ ರಾಶಿಯೊಳಗೆ ನುಸುಳಿತು. ಮೊಮ್ಮಕ್ಕಳು ಆಡುವ ಜಾಗವದು. ಇದು ವಿಷದ ಹಾವೇ? ಕೊಲ್ಲಿಸಬೇಕೇ?

ಉತ್ತರ: ದಯವಿಟ್ಟು ಕೊಲ್ಲಿಸಬೇಡಿ. ನೀವು ಕಂಡದ್ದು ಹಾವಲ್ಲ, ಅಲ್ಲಿನವರು ‘ಸ್ಲೋ ವರ್ಮ್’ ಎಂದು ಕರೆಯುವ, ಕಾಲಿಲ್ಲದ ಹಲ್ಲಿ. ಅದಕ್ಕೆ ವಿಷವಿಲ್ಲ.

ತುಂಡಾದ ಬಾಲವೇ ಇದಕ್ಕೆ ಮೊದಲ ಸಾಕ್ಷಿ. ನಮ್ಮ ಮನೆಯ ಗೋಡೆಯ ಹಲ್ಲಿ ಬೆಕ್ಕಿಗೆ ಸಿಕ್ಕಾಗ ಬಾಲ ಬಿಟ್ಟು ಪಾರಾಗುವಂತೆ ಇದೂ ಅಪಾಯ ಕಂಡಾಗ ಬಾಲವನ್ನು ಕಳಚಿಕೊಳ್ಳುತ್ತದೆ. ಆ ತುಂಡು ಹೊರಳಾಡುತ್ತ ವೈರಿಯ ಗಮನ ಸೆಳೆಯುವಷ್ಟರಲ್ಲಿ ಪ್ರಾಣಿ ಅಡಗಿರುತ್ತದೆ. ವಿಜ್ಞಾನಿಗಳು ಇದಕ್ಕಿಟ್ಟ ‘ಆಂಗ್ವಿಸ್ ಫ್ರಾಜಿಲಿಸ್’ ಎಂಬ ಹೆಸರಿನ ಎರಡನೆಯ ಪದಕ್ಕೆ ‘ಸುಲಭವಾಗಿ ಮುರಿಯುವ’ ಎಂದೇ ಅರ್ಥ. ನಿಮ್ಮ ಪ್ರಾಣಿ ಬದುಕಿ ಉಳಿದಿರುವ ಸಾಧ್ಯತೆಯೇ ಹೆಚ್ಚು, ಆದರೆ ಅದರ ಬಾಲ ಮೊದಲಿನ ಉದ್ದಕ್ಕೆ ಮತ್ತೆ ಬೆಳೆಯುವುದಿಲ್ಲ.

ಇನ್ನೊಮ್ಮೆ ಕಂಡರೆ ಕಣ್ಣನ್ನು ನೋಡಿ. ಹಾವಿಗೆ ರೆಪ್ಪೆಗಳಿಲ್ಲ, ಅದು ಕಣ್ಣು ಮಿಟುಕಿಸಲಾರದು. ಈ ಹಲ್ಲಿ ಮಿಟುಕಿಸುತ್ತದೆ. ಹಾವಿನ ಹೊಟ್ಟೆಯಡಿ ಅಗಲವಾದ ಅಡ್ಡಪಟ್ಟಿಗಳು ಸಾಲಾಗಿರುತ್ತವೆ, ಇದಕ್ಕೆ ಮೈಯೆಲ್ಲ ನುಣುಪಾದ ಸಣ್ಣ ಹುರುಪೆಗಳೇ. ಕಾಲುಗಳು ಹೊರಗೆ ಕಾಣದಿದ್ದರೂ ಭುಜ ಮತ್ತು ಸೊಂಟದ ಮೂಳೆಗಳ ಅವಶೇಷ ದೇಹದೊಳಗೆ ಇಂದಿಗೂ ಉಳಿದಿದೆ. ನಮ್ಮ ಕಡೆಯ ಹಾವುರಾಣಿಗೆ ಪುಟ್ಟ ಕಾಲುಗಳಿದ್ದರೂ ಅದನ್ನು ಹಾವಿನ ಬಳಗಕ್ಕೆ ಸೇರಿಸಿ ಹೊಡೆಯುವವರಿದ್ದಾರೆ; ಕಾಲೇ ಕಾಣದ ಪ್ರಾಣಿಯನ್ನು ಕಂಡು ನೀವು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ಬ್ರಿಟನ್ನಿನಲ್ಲಿ ಸಹಜವಾಗಿ ನೆಲೆಸಿರುವ ವಿಷದ ಹಾವು ‘ಆಡರ್’ ಒಂದೇ. ಅದರ ಬೆನ್ನುದ್ದಕ್ಕೂ ದಟ್ಟ ಬಣ್ಣದ ಅಂಕುಡೊಂಕು ಪಟ್ಟೆಯಿರುತ್ತದೆ. ಅಂಥದ್ದು ಕಂಡರೆ ಮಾತ್ರ ಮಕ್ಕಳನ್ನು ದೂರ ಕರೆದುಕೊಳ್ಳಿ.

ಗೊಬ್ಬರದ ರಾಶಿಯ ಬೆಚ್ಚನೆಯ ಶಾಖ ಈ ಹಲ್ಲಿಗೆ ಬಲು ಇಷ್ಟ. ತರಕಾರಿ ಸಸಿಗಳನ್ನು ತಿಂದು ಹಾಳುಮಾಡುವ, ಚಿಪ್ಪಿಲ್ಲದ ಬಸವನಹುಳುಗಳೇ ಇದರ ಮುಖ್ಯ ಆಹಾರವಾದ್ದರಿಂದ ತೋಟಗಾರರು ಇದನ್ನು ಆದರದಿಂದ ಕಾಣುತ್ತಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಮೃಗಾಲಯದಲ್ಲಿ ಇಂಥ ಹಲ್ಲಿಯೊಂದು 54 ವರ್ಷ ಬದುಕಿದ್ದ ದಾಖಲೆಯಿದೆ. ಇದನ್ನು ಬೇಕೆಂದೇ ಕೊಲ್ಲುವುದು ಅಥವಾ ಗಾಯಗೊಳಿಸುವುದು ಇಂಗ್ಲೆಂಡಿನಲ್ಲಿ 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧವೂ ಹೌದು.

ರಾಶಿಯನ್ನು ಕೆದಕುವಾಗ ಸಲಿಕೆಯನ್ನು ರಭಸದಿಂದ ಚುಚ್ಚದೆ ಮೇಲಿನ ಪದರವನ್ನು ಮೆಲ್ಲಗೆ ಸರಿಸಿ. ಬೇಸಿಗೆಯ ಕೊನೆಗೆ ಇವು ಮರಿ ಹಾಕುತ್ತವೆ; ಬಂಗಾರದ ಬಣ್ಣದ, ಬೆನ್ನ ಮೇಲೆ ಕಪ್ಪು ಗೆರೆಯಿರುವ ಆ ಮರಿಗಳನ್ನು, ಮುಟ್ಟಬಾರದೆಂದು ಹೇಳಿ, ಮೊಮ್ಮಕ್ಕಳಿಗೂ ತೋರಿಸಿ.